ಬರ ಇನ್ನೂ ಸಾಧಾರಣ ಇರುವಾಗಲೇ ಮನೆಯ ನೀರಿನ ಲೆಕ್ಕ ಹಿಡಿಯುವುದು ಹೇಗೆ

ನಲ್ಲಿ ಪೂರ್ತಿ ಒಣಗಿದ ಮೇಲೆ ನೀರು ಉಳಿಸಿ ಅಂತ ಯಾರಿಗೂ ಹೇಳಬೇಕಾಗಿಲ್ಲ. ಆಗ ಉಳಿಸಲು ನೀರೇ ಇರುವುದಿಲ್ಲ. ಕಷ್ಟ ಇರುವುದು ಅದಕ್ಕೂ ಮುಂಚಿನ ದಿನಗಳಲ್ಲಿ. ಮಳೆ ಕಡಿಮೆಯಾಗಿದೆ, ಕೆರೆಯ ನೀರು ದಡ ಬಿಟ್ಟು ಒಳಗೆ ಸರಿದಿದೆ, ನೀರು ಬಿಡುವ ಹೊತ್ತೂ ಸ್ವಲ್ಪ ಕಡಿತ ಆಗಿದೆ. ಆದರೆ ನಲ್ಲಿ ತಿರುಗಿಸಿದರೆ ಇನ್ನೂ ನೀರು ಬರುತ್ತದೆ. ಬರುವವರೆಗೆ ಯಾರು ಚಿಂತೆ ಮಾಡುತ್ತಾರೆ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನುವ ಗಾದೆ ನಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು.

ಹವಾಮಾನ ತಜ್ಞರು ಈ ಹಂತವನ್ನು ಸಾಧಾರಣ ಬರ ಎನ್ನುತ್ತಾರೆ. ಅದಕ್ಕೆ ಅಳತೆಯೂ ಇದೆ. ಭಾರತದ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆ ವಾಡಿಕೆಗಿಂತ ಶೇ. 26ರಿಂದ 50ರಷ್ಟು ಕಡಿಮೆ ಬಿದ್ದರೆ ಸಾಧಾರಣ ಬರ, ಅದನ್ನೂ ಮೀರಿದರೆ ತೀವ್ರ ಬರ. ಅಮೆರಿಕದ ಬರ ನಕ್ಷೆಯಲ್ಲಿ ಡಿ0ಯಿಂದ ಡಿ4ರವರೆಗೆ ಐದು ಮೆಟ್ಟಿಲುಗಳಿವೆ. ಅದರಲ್ಲಿ ಡಿ1 ಅಂದರೆ ಸಾಧಾರಣ ಬರ. ಆ ಮೆಟ್ಟಿಲಲ್ಲಿ ಬಾವಿ, ಜಲಾಶಯಗಳು ಇಳಿಯತೊಡಗಿರುತ್ತವೆ. ನೀರು ಕಡಿಮೆ ಬಳಸಿ ಎಂದು ಜನರನ್ನು ಕೇಳಿಕೊಳ್ಳುತ್ತಾರೆ, ಕಡ್ಡಾಯ ಮಾಡಿರುವುದಿಲ್ಲ. ನನಗೆ ಮುಖ್ಯ ಅನಿಸುವುದು ಈ ಕೊನೆಯ ಮಾತು. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಅನ್ನುವುದು ಇನ್ನೂ ನಮ್ಮ ಕೈಯಲ್ಲೇ ಇದೆ.

ಆದರೆ ಹೆಚ್ಚಿನ ಮನೆಗಳಲ್ಲಿ ಒಂದು ತಪ್ಪು ಆಗುತ್ತದೆ. ಕಣ್ಣಿಗೆ ಕಾಣುವ ನೀರಿನ ಮೇಲೆ ಸಿಟ್ಟು, ಕಾಣದ ನೀರಿನ ಬಗ್ಗೆ ಮರೆವು. ಹಲ್ಲುಜ್ಜುವಾಗ ನಲ್ಲಿ ಬಿಟ್ಟ ಮಗುವಿಗೆ ಬೈಗುಳ. ರಾತ್ರಿಯಿಡೀ ಸೋರುವ ಫ್ಲಶ್‌ ಟ್ಯಾಂಕಿಗೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಅದಕ್ಕೇ ಇಲ್ಲಿ ಕ್ರಮ ಸ್ವಲ್ಪ ಬೇರೆ ಇಟ್ಟಿದ್ದೇನೆ. ಮೊದಲು ಅಳೆಯುವುದು. ಆಮೇಲೆ ಸೋರಿಕೆ ನಿಲ್ಲಿಸುವುದು. ಅಭ್ಯಾಸಗಳ ಮಾತು ಅದಾದ ಮೇಲೆ.

ಹೆಜ್ಜೆ 1: ಒಂದು ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ

ಮೀಟರ್ ಇದ್ದರೆ ಕೆಲಸ ಸುಲಭ. ದಿನಾ ಒಂದೇ ಹೊತ್ತಿಗೆ ಅಂಕಿ ಬರೆದುಕೊಳ್ಳಿ. ಸಾಮಾನ್ಯವಾಗಿ ಮೀಟರ್‌ನಲ್ಲಿ ಘನ ಮೀಟರ್ ಲೆಕ್ಕ ಇರುತ್ತದೆ. ಒಂದು ಘನ ಮೀಟರ್ ಅಂದರೆ 1,000 ಲೀಟರ್.

ಮೀಟರ್ ಇಲ್ಲವೇ? ಟ್ಯಾಂಕನ್ನೇ ಮೀಟರ್ ಮಾಡಿಕೊಳ್ಳಿ. ಚೌಕಾಕಾರದ ಟ್ಯಾಂಕಿನ ತಳ 1 ಮೀಟರ್ ಉದ್ದ, 1 ಮೀಟರ್ ಅಗಲ ಇದ್ದರೆ, ನೀರು 1 ಸೆಂ.ಮೀ. ಇಳಿಯಿತು ಅಂದರೆ 10 ಲೀಟರ್ ಹೋಯಿತು. ದುಂಡಗಿನ ಟ್ಯಾಂಕಿಗೆ ಸ್ವಲ್ಪ ಗುಣಾಕಾರ ಬೇಕು. ಅಡ್ಡಳತೆಯ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಮತ್ತೆ ಗುಣಿಸಿ, 1,000ದಿಂದ ಭಾಗಿಸಿ. ಅಡ್ಡಳತೆ 110 ಸೆಂ.ಮೀ. ಇದ್ದರೆ 55 × 55 × 3.14, ಸುಮಾರು 9,500. ಅಂದರೆ ಪ್ರತಿ ಸೆಂಟಿಮೀಟರಿಗೆ ಒಂಬತ್ತೂವರೆ ಲೀಟರ್. ಒಂದು ಉದ್ದನೆಯ ಕೋಲಿಗೆ ಸೆಂಟಿಮೀಟರ್ ಗುರುತು ಹಾಕಿ ಟ್ಯಾಂಕಿನ ಪಕ್ಕ ಇಟ್ಟುಬಿಡಿ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಅದ್ದಿ ನೋಡಿದರೆ ಸಾಕು. ನಡುವೆ ಪಂಪ್ ಹಾಕಿದರೆ ಹಾಕುವ ಮುಂಚೆ ಒಮ್ಮೆ, ನಿಲ್ಲಿಸಿದ ಮೇಲೆ ಒಮ್ಮೆ ಅಳೆಯಿರಿ. ಆ ಕೋಲು ಕುಡಿಯುವ ನೀರಿನ ಟ್ಯಾಂಕಿಗೆ ಹೋಗುವುದಾದರೆ ಬೇರೆ ಯಾವುದಕ್ಕೂ ಬಳಸಬೇಡಿ, ತೊಳೆದೇ ಅದ್ದಿ.

ಇದರ ಜೊತೆಗೆ ಮನೆಯ ಪ್ರತಿ ನಲ್ಲಿಯ ಕೆಳಗೂ ಬಕೆಟ್ ಇಟ್ಟು ಸರಿಯಾಗಿ ಒಂದು ನಿಮಿಷ ಬಿಡಿ. ಎಷ್ಟು ತುಂಬಿತು ನೋಡಿ. ಆ ಬಕೆಟ್ ನೀರನ್ನು ಚೆಲ್ಲಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ ತಾನೇ? ನಿಮಿಷಕ್ಕೆ 10-12 ಲೀಟರ್ ಸುರಿಸುವ ನಲ್ಲಿ ಕೈ ತೊಳೆಯುವ ಬೇಸಿನ್‌ನಲ್ಲಿ ಇದ್ದರೆ ಅದು ಜಾಸ್ತಿಯೇ.

ವಾರದ ಒಟ್ಟು ಲೆಕ್ಕವನ್ನು ಏಳರಿಂದ ಭಾಗಿಸಿ, ಮನೆಯ ಜನರ ಸಂಖ್ಯೆಯಿಂದ ಮತ್ತೆ ಭಾಗಿಸಿ. ಒಬ್ಬರಿಗೆ ದಿನಕ್ಕೆ ಎಷ್ಟು ಲೀಟರ್ ಎಂದು ಸಿಗುತ್ತದೆ. ಹೋಲಿಕೆಗೆ ಎರಡು ಅಂಕಿ ನೆನಪಿಟ್ಟುಕೊಳ್ಳಿ. ಮೂಲ ಅಗತ್ಯಗಳಿಗೆ ಒಬ್ಬರಿಗೆ ದಿನಕ್ಕೆ 50ರಿಂದ 100 ಲೀಟರ್ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೇಪ್ ಟೌನ್ ನಗರದಲ್ಲಿ ನಲ್ಲಿಗಳೇ ಬಂದ್ ಆಗುವ ಸ್ಥಿತಿ ಬಂದಾಗ, 2018ರ ಫೆಬ್ರುವರಿ 1ರಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಮಿತಿ ಹಾಕಿದ್ದರು. ಅದು ತುರ್ತಿನ ಅಳತೆ. ಸಾಧಾರಣ ಬರದಲ್ಲಿ ಅಷ್ಟಕ್ಕೆ ಇಳಿಯಬೇಕಾಗಿಲ್ಲ. ಈಗ ಬಳಸುವುದರಲ್ಲಿ ನಾಲ್ಕನೇ ಒಂದು ಪಾಲು ಕಡಿಮೆ ಮಾಡಿದರೆ ಮೊದಲ ತಿಂಗಳಿಗೆ ಸಾಕು. ಮೊದಲೇ 60-70 ಲೀಟರ್‌ನಲ್ಲಿ ಬದುಕುತ್ತಿರುವ ಮನೆಯಾದರೆ ಇನ್ನೂ ಕಡಿತ ಮಾಡಲು ಹೋಗಬೇಡಿ. ನಿಮ್ಮ ಪಾಲಿಗೆ ಸೋರಿಕೆ ಮತ್ತು ಶೇಖರಣೆಯ ಭಾಗ ಓದಿದರೆ ಆಯಿತು.

ಹೆಜ್ಜೆ 2: ರಾತ್ರಿ ನೀರು ಎಲ್ಲಿಗೆ ಹೋಗುತ್ತದೆ?

ಎಲ್ಲರೂ ಮಲಗಿದ ಮೇಲೆ ಟ್ಯಾಂಕಿನ ಮಟ್ಟ ನೋಡಿ. ಬೆಳಿಗ್ಗೆ ಯಾರೂ ಏಳುವ ಮುಂಚೆ ಮತ್ತೆ ನೋಡಿ. ಯಾರೂ ಬಳಸದೆ ನೀರು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಮೀಟರ್ ಇರುವವರು ಎಲ್ಲಾ ನಲ್ಲಿ ಮುಚ್ಚಿ ಎರಡು ಗಂಟೆ ಬಿಟ್ಟು ಅಂಕಿ ನೋಡಬಹುದು.

ನಮ್ಮ ಮನೆಯಲ್ಲಿ ಆರು ಗಂಟೆಗೆ 2 ಸೆಂ.ಮೀ. ಇಳಿದಿತ್ತು. ಎರಡೇ ಸೆಂಟಿಮೀಟರ್, ಏನು ಮಹಾ ಅನ್ನಿಸಿತು. ಆಮೇಲೆ ಲೆಕ್ಕ ಹಾಕಿದೆ. ಅಷ್ಟಕ್ಕೇ 19 ಲೀಟರ್. ದಿನಕ್ಕೆ 76. ಅಂದರೆ ಮನೆಯಲ್ಲಿ ಕಾಣದ ಇನ್ನೊಬ್ಬ ವ್ಯಕ್ತಿ ಇದ್ದು, ನಮ್ಮ ಜೊತೆಗೇ ಸ್ನಾನ, ಪಾತ್ರೆ, ಬಟ್ಟೆ ಎಲ್ಲಾ ಮಾಡಿಕೊಳ್ಳುತ್ತಿದ್ದ ಹಾಗೆ! ತಿಂಗಳುಗಟ್ಟಲೆ ನಾನು ಹಲ್ಲುಜ್ಜುವ ನಲ್ಲಿಯ ಬಗ್ಗೆ ಭಾಷಣ ಮಾಡಿದ್ದೆ.

ಕಳ್ಳ ಸಿಕ್ಕಿದ್ದು ಫ್ಲಶ್ ಟ್ಯಾಂಕಿನಲ್ಲಿ. ಹೆಚ್ಚಿನ ಮನೆಗಳಲ್ಲೂ ಮೊದಲು ನೋಡಬೇಕಾದ್ದು ಅಲ್ಲೇ. ಅದು ಸದ್ದಿಲ್ಲದೆ ಸೋರುತ್ತದೆ. ನೀರು ಕಮೋಡಿನ ಒಳಗೋಡೆಗೆ ಅಂಟಿಕೊಂಡು ತೆಳುವಾಗಿ ಇಳಿಯುವುದರಿಂದ ಕಣ್ಣಿಗೂ ಬೀಳುವುದಿಲ್ಲ. ಪರೀಕ್ಷೆ ಹೀಗೆ. ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ಅಡುಗೆಗೆ ಬಳಸುವ ಬಣ್ಣ ಸ್ವಲ್ಪ ಹಾಕಿ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಆಮೇಲೆ ಕಮೋಡಿನ ನೀರು ನೋಡಿ. ಬಣ್ಣ ಇಳಿದಿದ್ದರೆ ಸೋರುತ್ತಿದೆ ಅಂತಲೇ ಅರ್ಥ. ಸಾಮಾನ್ಯವಾಗಿ ಕಾರಣ ತಳದಲ್ಲಿರುವ ರಬ್ಬರ್ ಮುಚ್ಚಳ. ಅದು ಗಟ್ಟಿಯಾಗಿರುತ್ತದೆ, ಇಲ್ಲವೇ ಅದರ ಮೇಲೆ ಗಡಸು ನೀರಿನ ಬಿಳಿ ಪದರ ಕಟ್ಟಿರುತ್ತದೆ. ಚೆನ್ನಾಗಿ ಒರೆಸಿ ನೋಡಿ, ಆಗದಿದ್ದರೆ ಬದಲಿಸಿ. ಇನ್ನೊಂದು ಕಾರಣ ಫ್ಲೋಟ್, ಅಂದರೆ ಟ್ಯಾಂಕಿನೊಳಗೆ ನೀರಿನ ಮೇಲೆ ತೇಲುವ ಬುರುಡೆ. ಅದು ಸರಿಯಾದ ಎತ್ತರದಲ್ಲಿ ನೀರು ನಿಲ್ಲಿಸದಿದ್ದರೆ, ನೀರು ನಡುವಿನ ಕೊಳವೆಯ ಬಾಯಿಯಿಂದ ಒಳಗೆ ಸುರಿಯುತ್ತಲೇ ಇರುತ್ತದೆ. ನೀರಿನ ಮಟ್ಟ ಆ ಬಾಯಿಗಿಂತ ಎರಡು ಬೆರಳಷ್ಟು ಕೆಳಗಿರುವ ಹಾಗೆ ಫ್ಲೋಟ್ ತಗ್ಗಿಸಿ. ಈ ಎರಡೂ ಕೆಲಸಕ್ಕೆ ಪ್ಲಂಬರ್ ಬೇಕೆಂದೇನಿಲ್ಲ.

ತೊಟ್ಟಿಕ್ಕುವ ನಲ್ಲಿಗೆ ಬರೋಣ. ಸೆಕೆಂಡಿಗೆ ಒಂದು ಹನಿ ಅಂದರೆ ದಿನಕ್ಕೆ 86,400 ಹನಿ. ಹನಿ ಸಣ್ಣದಿದ್ದರೂ, 20 ಹನಿಗೆ ಒಂದು ಮಿಲಿಲೀಟರ್ ಅಂದುಕೊಂಡರೂ, ನಾಲ್ಕು ಲೀಟರ್ ದಾಟುತ್ತದೆ. ಹನಿ ದಪ್ಪಗಿದ್ದರೆ ಇದು ಕೆಲವು ಪಟ್ಟು ಹೆಚ್ಚುತ್ತದೆ. ಹನಿ ಹನಿ ಗೂಡಿದರೆ ಹಳ್ಳ ಅನ್ನುವ ಗಾದೆ ಸೋರಿಕೆಗೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ನಲ್ಲಿಯನ್ನು ಬಲವಾಗಿ ತಿರುಗಿಸಿ ನಿಲ್ಲಿಸುವುದು ಪರಿಹಾರವಲ್ಲ, ವಾಷರ್ ಇನ್ನೂ ಬೇಗ ಹಾಳಾಗುತ್ತದೆ. ಮೇನ್ ವಾಲ್ವ್ ಮುಚ್ಚಿ, ನಲ್ಲಿ ಬಿಚ್ಚಿ, ಹಳೆ ವಾಷರ್ ತೆಗೆದು ಅದೇ ಅಳತೆಯ ಹೊಸದನ್ನು ಹಾಕಿ. ಕಾಲು ಸುತ್ತಿಗೇ ತೆರೆಯುವ ನಲ್ಲಿಗಳಲ್ಲಿ ವಾಷರ್ ಬದಲು ಸೆರಾಮಿಕ್ ಬಿಲ್ಲೆ ಇರುತ್ತದೆ. ಅದನ್ನು ಇಡಿಯಾಗಿ ಬದಲಿಸಬೇಕು.

ಟ್ಯಾಂಕ್ ತುಂಬಿ ಮೇಲಿಂದ ಸುರಿಯುವುದು ಮೂರನೆಯ ದೊಡ್ಡ ನಷ್ಟ. ಪಂಪ್ ಹಾಕಿ ಮರೆಯದ ಮನೆ ನಾನಂತೂ ನೋಡಿಲ್ಲ. ಟ್ಯಾಂಕ್ ತುಂಬಿದಾಗ ತಾನೇ ನಿಲ್ಲುವ ಸ್ವಿಚ್ ಹಾಕಿಸುವುದು ಒಳ್ಳೆಯದು. ಅದಾಗದಿದ್ದರೆ ತುಂಬಲು ಎಷ್ಟು ನಿಮಿಷ ಬೇಕು ಎಂದು ಒಮ್ಮೆ ನೋಡಿಕೊಂಡು ಫೋನಿನಲ್ಲಿ ಅಲಾರಂ ಇಡಿ. ಬೀದಿ ನೀರು ನೇರ ಬೀಳುವ ಸಂಪಿನ ಬಾಲ್ ವಾಲ್ವನ್ನೂ ಕೈಯಿಂದ ಎತ್ತಿ ನೋಡಿ. ಎತ್ತಿದಾಗ ನೀರು ಪೂರ್ತಿ ನಿಲ್ಲಬೇಕು.

ಇಷ್ಟು ಮಾಡಿದರೂ ರಾತ್ರಿ ಮಟ್ಟ ಇಳಿಯುತ್ತಿದ್ದರೆ ಟ್ಯಾಂಕಿನಿಂದ ಕೆಳಗಿಳಿಯುವ ವಾಲ್ವ್ ಮುಚ್ಚಿ ಒಂದು ರಾತ್ರಿ ಬಿಡಿ. ಆಗಲೂ ಇಳಿದರೆ ಟ್ಯಾಂಕೇ ಸೋರುತ್ತಿದೆ. ಇಳಿಯದಿದ್ದರೆ ದೋಷ ಪೈಪಿನಲ್ಲಿ. ಗೋಡೆಯ ಮೇಲೆ ಒದ್ದೆ ಮಚ್ಚೆ, ಸುತ್ತಲೂ ಒಣಗಿದ ನೆಲದಲ್ಲಿ ಒಂದೇ ಕಡೆ ಹಸಿರಾಗಿ ನಿಂತ ಹುಲ್ಲು ಕಂಡರೆ ಅಲ್ಲಿಂದ ಹುಡುಕಲು ಶುರು ಮಾಡಿ. ಬರದಲ್ಲಿ ಹಸಿರು ಕಂಡರೆ ಅನುಮಾನ ಪಡಬೇಕಾದ ಜಾಗ ಇದೊಂದೇ.

ಹೆಜ್ಜೆ 3: ಬಚ್ಚಲು ಮತ್ತು ಶೌಚಾಲಯ

ಮನೆಯೊಳಗಿನ ನೀರಿನ ದೊಡ್ಡ ಪಾಲು ಹೋಗುವುದು ಇಲ್ಲೇ. ಹಳೆಯ ಫ್ಲಶ್ ಟ್ಯಾಂಕುಗಳು ಒಂದು ಸಲಕ್ಕೆ 12-13 ಲೀಟರ್ ಸುರಿಯುತ್ತವೆ. ಈಗಿನವು 6 ಲೀಟರ್ ಆಸುಪಾಸು. ಎರಡು ಗುಂಡಿ ಇರುವ ಮಾದರಿಯಲ್ಲಿ ಸಣ್ಣ ಗುಂಡಿಗೆ ಸುಮಾರು 3 ಲೀಟರ್. ಎರಡು ಗುಂಡಿಯ ಈ ಫ್ಲಶ್ 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಬಳಕೆಗೆ ಬಂತು. ಒಣ ನಾಡಿನ ಜನ ಕಂಡುಕೊಂಡ ಉಪಾಯ. ನಾಲ್ಕು ಜನರ ಮನೆಯಲ್ಲಿ ಒಬ್ಬೊಬ್ಬರು ದಿನಕ್ಕೆ ಐದು ಸಲ ಅಂದುಕೊಳ್ಳಿ. ಹಳೆ ಟ್ಯಾಂಕಿನಲ್ಲಿ ದಿನಕ್ಕೆ 240 ಲೀಟರ್, 6 ಲೀಟರಿನದ್ದರಲ್ಲಿ 120. ಬೇರೆ ಯಾವ ಅಭ್ಯಾಸವನ್ನೂ ಮುಟ್ಟದೆ ದಿನಕ್ಕೆ 120 ಲೀಟರ್ ಉಳಿಯುತ್ತದೆ.

ಹಳೆ ಟ್ಯಾಂಕ್ ಬದಲಿಸಲು ಆಗದಿದ್ದರೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ಮುಚ್ಚಳ ಬಿಗಿದು, ಫ್ಲೋಟಿಗೆ ತಾಗದ ಹಾಗೆ ಟ್ಯಾಂಕಿನೊಳಗೆ ನಿಲ್ಲಿಸಿ. ಪ್ರತಿ ಸಲಕ್ಕೂ ಒಂದು ಲೀಟರ್ ಉಳಿಯುತ್ತದೆ. ಕೆಲವರು ಇಟ್ಟಿಗೆ ಇಡಿ ಅನ್ನುತ್ತಾರೆ. ಬೇಡ. ನೆನೆದು ಪುಡಿಯಾಗಿ ರಬ್ಬರ್ ಮುಚ್ಚಳದ ಕೆಳಗೆ ಸಿಕ್ಕಿಕೊಂಡರೆ ಉಳಿಸಿದ್ದಕ್ಕಿಂತ ಜಾಸ್ತಿ ಸೋರುತ್ತದೆ. 6 ಲೀಟರಿನ ಟ್ಯಾಂಕಿಗೆ ಬಾಟಲಿಯೂ ಬೇಡ. ಒಂದೇ ಸಲಕ್ಕೆ ಹೋಗದೆ ಎರಡು ಸಲ ಫ್ಲಶ್ ಮಾಡಬೇಕಾದರೆ ಏನು ಬಂತು?

ಸ್ನಾನದ ವಿಷಯದಲ್ಲಿ ಬಕೆಟ್ ಒಳ್ಳೆಯದೋ ಶವರ್ ಒಳ್ಳೆಯದೋ ಅನ್ನುವ ಜಗಳ ಇದ್ದೇ ಇದೆ. ಉತ್ತರ ನೀವು ಮೊದಲ ವಾರ ಅಳೆದ ಅಂಕಿಯಲ್ಲಿದೆ. ನಿಮಿಷಕ್ಕೆ 10 ಲೀಟರಿನ ಶವರ್ ಕೆಳಗೆ ಎಂಟು ನಿಮಿಷ ನಿಂತರೆ 80 ಲೀಟರ್. ಬಕೆಟ್ ಸ್ನಾನಕ್ಕೆ 15-20 ಲೀಟರ್ ಸಾಕು. ಆದರೆ ನಿಮಿಷಕ್ಕೆ 6 ಲೀಟರಿನ ಶವರ್ ಹಾಕಿಸಿ, ಸೋಪು ಹಚ್ಚುವಾಗ ನಿಲ್ಲಿಸಿ, ಒಟ್ಟು ಮೂರೇ ನಿಮಿಷ ನೀರು ಬಿಟ್ಟರೆ 18 ಲೀಟರ್. ಎರಡೂ ಒಂದೇ ಆಯಿತು. ಹಾಗಂತ ಶವರ್ ಕೆಳಗೆ ನಿಂತವರಿಗೆ ಮೂರು ನಿಮಿಷ ನೆನಪಿರುವುದು ಅನುಮಾನ. ನನ್ನ ಮತ ಬಕೆಟ್ಟಿಗೇ. ಬಿಸಿನೀರು ಬರುವವರೆಗೆ ಬೀಳುವ ತಣ್ಣೀರನ್ನೂ ಆ ಬಕೆಟ್ಟೇ ಹಿಡಿದುಕೊಳ್ಳುತ್ತದೆ.

ಬೇಸಿನ್ ಮತ್ತು ಅಡುಗೆಮನೆಯ ನಲ್ಲಿಗಳ ಬಾಯಿಗೆ ಏರೇಟರ್ ಹಾಕಿಸಿ. ಅದು ನೀರಿಗೆ ಗಾಳಿ ಬೆರೆಸಿ ಬಿಡುವ ಸಣ್ಣ ಜಾಲರಿ. ಧಾರೆ ಸೊರಗಿದಂತೆ ಅನಿಸುವುದಿಲ್ಲ, ನೀರು ಮಾತ್ರ ಅರ್ಧದಷ್ಟೇ ಬೀಳುತ್ತದೆ. ಬಕೆಟ್ ತುಂಬಿಸುವ ನಲ್ಲಿಗೆ ಇದರಿಂದ ಲಾಭವಿಲ್ಲ, ಹೊತ್ತು ಜಾಸ್ತಿ ಹಿಡಿಯುತ್ತದೆ ಅಷ್ಟೇ. ತಿಂಗಳಿಗೊಮ್ಮೆ ಬಿಚ್ಚಿ ಮರಳು, ಕಸ ತೊಳೆಯಬೇಕು.

ಒಂದು ಸಣ್ಣ ಎಚ್ಚರ. ಬಳಸದ ಬಚ್ಚಲಿನ ನೆಲದ ಜಾಲರಿಯ ಕೆಳಗೆ ಸ್ವಲ್ಪ ನೀರು ನಿಂತಿರುತ್ತದೆ. ಚರಂಡಿಯ ವಾಸನೆಯನ್ನೂ ಹುಳುಗಳನ್ನೂ ತಡೆಯುವುದು ಅದೇ. ನೀರು ಉಳಿಸುವ ಹುಮ್ಮಸ್ಸಿನಲ್ಲಿ ಆ ಬಚ್ಚಲಿಗೆ ಬೀಗ ಹಾಕಿದರೆ ಅದು ಒಣಗಿ ಮನೆಯೆಲ್ಲ ನಾತ ಹೊಡೆಯುತ್ತದೆ. ವಾರಕ್ಕೊಮ್ಮೆ ಒಂದೆರಡು ಚೊಂಬು ಹಳೆ ನೀರು ಸುರಿದುಬಿಡಿ.

ಹೆಜ್ಜೆ 4: ಪಾತ್ರೆ, ಬಟ್ಟೆ, ನೆಲ

ಇಲ್ಲಿ ಹೆಚ್ಚು ಹೇಳುವುದೇನಿಲ್ಲ. ಪಾತ್ರೆಯ ಜಿಡ್ಡನ್ನು ಕಾಗದದಿಂದ ಮೊದಲೇ ಒರೆಸಿ, ಒಣಗಲು ಬಿಡದೆ ನೆನೆಸಿ, ಎರಡು ಟಬ್ ಇಟ್ಟುಕೊಂಡು ತೊಳೆಯಿರಿ. ಒಂದು ಉಜ್ಜಲು, ಇನ್ನೊಂದು ಜಾಲಿಸಲು. ಪಾತ್ರೆ ತೊಳೆಯುವ ಯಂತ್ರ ಇದ್ದರೆ ಅದನ್ನು ಆರಿಸಿಡುವ ಅಗತ್ಯವಿಲ್ಲ. ಪೂರ್ತಿ ತುಂಬಿಸಿ ಹಾಕಿದರೆ ಹರಿಯುವ ನಲ್ಲಿಯ ಕೆಳಗೆ ಕೈಯಲ್ಲಿ ತೊಳೆಯುವುದಕ್ಕಿಂತ ಕಡಿಮೆ ನೀರು ಸಾಕಾಗುತ್ತದೆ. ವಾಷಿಂಗ್ ಮೆಷಿನ್ನಿಗೂ ಇದೇ ಮಾತು. ತುಂಬಿದ ಮೇಲೇ ಹಾಕಿ. ನೊರೆ ಹೋಗಿಲ್ಲ ಅಂತ ಮತ್ತೆ ಮತ್ತೆ ಜಾಲಿಸುವ ಬದಲು ಸೋಪಿನ ಪುಡಿ ಕಡಿಮೆ ಹಾಕಿ. ನೆಲ ತೊಳೆಯುವುದು ಬಿಟ್ಟು ಒರೆಸಿ. ವಾಹನಕ್ಕೂ ಒದ್ದೆ ಬಟ್ಟೆ ಮತ್ತು ಅರ್ಧ ಬಕೆಟ್ ಸಾಕು. ಪೈಪ್ ಹಿಡಿದು ಅಂಗಳ ತೊಳೆಯುವುದನ್ನು ಮಳೆ ಬರುವವರೆಗೆ ಮರೆತುಬಿಡಿ.

ಯಾವುದನ್ನು ಕಡಿಮೆ ಮಾಡಬಾರದು ಅನ್ನುವುದೂ ಗೊತ್ತಿರಲಿ. ಕುಡಿಯುವ ನೀರು ಮತ್ತು ಸೋಪು ಹಾಕಿ ಕೈ ತೊಳೆಯುವುದು. ಈ ಎರಡಕ್ಕೂ ಕೈ ಹಾಕಿದರೆ ಕಾಯಿಲೆ ಬರುತ್ತದೆ. ಕಾಯಿಲೆ ಬಿದ್ದ ಮನೆಗೆ ನೀರು ಇನ್ನೂ ಜಾಸ್ತಿ ಬೇಕಾಗುತ್ತದೆ.

ಹೆಜ್ಜೆ 5: ಒಂದೇ ನೀರಿಗೆ ಎರಡು ಕೆಲಸ

ಬಚ್ಚಲ ನೀರನ್ನು ಗಿಡಕ್ಕೆ ಬಿಡುವುದು ಹೊಸದೇನಲ್ಲ. ಆದರೆ ಈಗಿನ ಸೋಪುಗಳು ಬೇರೆ, ಅದಕ್ಕೆ ಸ್ವಲ್ಪ ವಿವೇಕ ಬೇಕು.

ತರಕಾರಿ ತೊಳೆದ ನೀರು, ಬಟ್ಟೆಯ ಕೊನೆಯ ಜಾಲಿಕೆಯ ನೀರು ಎಲ್ಲಕ್ಕಿಂತ ಒಳ್ಳೆಯವು. ಸ್ನಾನದ ನೀರು ಎರಡನೆಯದು. ಬಟ್ಟೆ ಒಗೆದ ಮೊದಲ ನೀರಿನಲ್ಲಿ ಸೋಡಿಯಂ ಜಾಸ್ತಿ ಇರುತ್ತದೆ. ಅದು ಮಣ್ಣನ್ನು ಗಟ್ಟಿಯಾಗಿಸಿ ನೀರು ಇಂಗದಂತೆ ಮಾಡುತ್ತದೆ. ಅದನ್ನು ಶೌಚಾಲಯಕ್ಕೆ ಬಳಸಿ. ಜಿಡ್ಡಿನ ಪಾತ್ರೆಯ ಮುಸುರೆ ನೀರು, ಬ್ಲೀಚ್ ಅಥವಾ ಬೋರಾಕ್ಸ್ ಹಾಕಿದ ನೀರು, ಮಗುವಿನ ಮಲದ ಬಟ್ಟೆ ತೊಳೆದ ನೀರು ಗಿಡಕ್ಕೆ ಬೇಡವೇ ಬೇಡ.

ಈ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು. ಅದರಲ್ಲಿ ಮೈಯ ಕೊಳೆ, ಸೋಪು ಎಲ್ಲಾ ಇರುವುದರಿಂದ ಬೇಗ ಕೊಳೆತು ನಾರುತ್ತದೆ. ಎಲೆಯ ಮೇಲೆ ಎರಚದೆ ಬುಡದ ಮಣ್ಣಿಗೆ ಹಾಕಿ. ಹಸಿಯಾಗಿ ತಿನ್ನುವ ಸೊಪ್ಪು, ಗೆಡ್ಡೆಗಳಿಗೆ ಹಾಕಬೇಡಿ. ಎತ್ತರಕ್ಕೆ ಬಿಡುವ ಹಣ್ಣಿನ ಮರದ ಬುಡಕ್ಕೆ ತೊಂದರೆಯಿಲ್ಲ. ಒಂದೇ ಜಾಗಕ್ಕೆ ದಿನಾ ಹಾಕದೆ ಸರದಿ ಮಾಡಿ, ನಡುನಡುವೆ ಒಳ್ಳೆ ನೀರನ್ನೂ ಕೊಡಿ.

ಆರ್‌ಓ ಯಂತ್ರ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುವುದು ಮಾಮೂಲು. ಆ ಕೊಳವೆಯನ್ನು ಸಿಂಕಿನ ಬದಲು ಒಂದು ಕ್ಯಾನಿಗೆ ಇಳಿಸಿ. ನೆಲ ಒರೆಸಲು, ಫ್ಲಶ್ ಮಾಡಲು, ಪಾತ್ರೆಯ ಮೊದಲ ತೊಳೆತಕ್ಕೆ ಆಗುತ್ತದೆ. ಲವಣ ಗಟ್ಟಿಯಾಗಿ ಸೇರಿರುವುದರಿಂದ ಕುಂಡದ ಗಿಡಗಳಿಗೆ ದಿನಾ ಹಾಕಿದರೆ ಎಲೆಯ ತುದಿ ಸುಟ್ಟ ಹಾಗೆ ಆಗುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರು ಇದಕ್ಕೆ ಉಲ್ಟಾ. ಅದು ಗಾಳಿಯ ತೇವ ಘನೀಭವಿಸಿದ್ದು, ಲವಣ ಇಲ್ಲವೇ ಇಲ್ಲ ಎನ್ನಬಹುದು. ಗಿಡಕ್ಕೆ ಚೆನ್ನ, ಕುಡಿಯಲು ಮಾತ್ರ ಬೇಡ.

ಹೆಜ್ಜೆ 6: ಗಿಡಗಳಲ್ಲಿ ಯಾರಿಗೆ ಮೊದಲು?

ಎಲ್ಲ ಗಿಡಕ್ಕೂ ಸ್ವಲ್ಪ ಸ್ವಲ್ಪ ಹಂಚುವುದು ನ್ಯಾಯ ಅನಿಸುತ್ತದೆ. ಬರದಲ್ಲಿ ಅದೇ ದೊಡ್ಡ ತಪ್ಪು. ಮೇಲ್ಮಣ್ಣು ಮಾತ್ರ ಒದ್ದೆಯಾದರೆ ಬೇರು ಮೇಲಕ್ಕೇ ಬರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಆ ಒದ್ದೆ ಆರಿದರೆ ಬೇರೂ ಒಣಗುತ್ತದೆ. ಎಲ್ಲರಿಗೂ ಕೊಟ್ಟು ಯಾರನ್ನೂ ಉಳಿಸದ ಹಾಗಾಗುತ್ತದೆ.

ಸರದಿ ಮಾಡಿ. ನೆಟ್ಟು ಎರಡು ಮೂರು ವರ್ಷವೂ ಆಗದ ಮರಗಳಿಗೆ ಮೊದಲ ಹಕ್ಕು. ಅವುಗಳ ಬೇರು ಇನ್ನೂ ಆಳಕ್ಕಿಳಿದಿಲ್ಲ. ಸತ್ತರೆ ಆ ವರ್ಷಗಳು ವಾಪಸ್ ಬರುವುದಿಲ್ಲ. ಆಮೇಲೆ ದೊಡ್ಡ ಮರಗಳು, ಹಣ್ಣು ಕೊಡುವ ಗಿಡಗಳು. ಆಮೇಲೆ ತರಕಾರಿ, ಅದರಲ್ಲೂ ಹೂ ಬಿಟ್ಟು ಕಾಯಿ ಕಟ್ಟುತ್ತಿರುವವು. ಕೊನೆಗೆ ಋತುವಿನ ಹೂಗಿಡ. ಹುಲ್ಲುಹಾಸಿಗೆ ಏನೂ ಬೇಡ. ಅದು ಕಂದು ಬಣ್ಣಕ್ಕೆ ತಿರುಗಿ ನಿದ್ದೆ ಹೋಗುತ್ತದೆ. ಬಹುತೇಕ ಹುಲ್ಲು ಮಳೆ ಬಿದ್ದರೆ ತಾನೇ ಏಳುತ್ತದೆ. ನೋಡಲು ಬೇಜಾರಾಗುತ್ತದೆ, ನಿಜ.

ನೀರು ಹಾಕುವ ಮುಂಚೆ ಮಣ್ಣಿಗೆ ಬೆರಳು ಚುಚ್ಚಿ. ಎರಡು ಗೆಣ್ಣು ಕೆಳಗೆ ತಣ್ಣಗೆ, ತೇವವಾಗಿದ್ದರೆ ಇವತ್ತು ಬೇಡ. ಒಣಗಿದ್ದರೆ ನಸುಕಿನಲ್ಲೇ ನಿಧಾನವಾಗಿ, ಆಳಕ್ಕೆ ಇಳಿಯುವಷ್ಟು ಕೊಡಿ. ವಾರಕ್ಕೆ ಒಂದೆರಡು ಸಲ ಸಾಕು. ಮರಕ್ಕೆ ಕಾಂಡದ ಬುಡದಲ್ಲೇ ಸುರಿದರೆ ಪ್ರಯೋಜನ ಕಡಿಮೆ. ನೀರು ಹೀರುವ ಸಣ್ಣ ಬೇರುಗಳು ಇರುವುದು ರೆಂಬೆಗಳ ನೆರಳಿನ ಅಂಚಿನ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಪಾತಿ ಅಗಲ ಮಾಡಿ.

ಪಾತಿಯ ಮೇಲೆ ತರಗೆಲೆ, ಹುಲ್ಲು, ತೆಂಗಿನ ನಾರು ಯಾವುದಾದರೂ ಸರಿ, 5ರಿಂದ 8 ಸೆಂ.ಮೀ. ದಪ್ಪಕ್ಕೆ ಹೊದಿಸಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ. ತೋಟಕ್ಕೆ ಒಂದೇ ಒಂದು ಕೆಲಸ ಮಾಡಲು ಸಾಧ್ಯ ಅಂದರೆ ನಾನು ಇದನ್ನೇ ಮಾಡುತ್ತೇನೆ. ಬಿಸಿಲು, ಗಾಳಿ ನೇರವಾಗಿ ಮಣ್ಣಿಗೆ ತಾಗದಿದ್ದರೆ ಹಾಕಿದ ನೀರು ಎಷ್ಟೋ ದಿನ ನಿಲ್ಲುತ್ತದೆ.

ಇನ್ನೊಂದು ಹಳೆಯ ಉಪಾಯ ಮಡಿಕೆ. ಹೊಳಪಿನ ಲೇಪ ಇಲ್ಲದ ಮಣ್ಣಿನ ಮಡಿಕೆಯನ್ನು ಕತ್ತಿನವರೆಗೆ ಗಿಡದ ಪಕ್ಕ ಹೂಳಿ, ನೀರು ತುಂಬಿ, ಬಾಯಿಗೆ ಮುಚ್ಚಳ ಹಾಕಿ. ಸುತ್ತಲ ಮಣ್ಣು ಒಣಗಿದಷ್ಟೂ ಮಡಿಕೆಯ ಮೈಯಿಂದ ನೀರು ಹೊರಗೆ ಜಿನುಗುತ್ತದೆ. ಮಣ್ಣು ತೇವವಾಗಿದ್ದರೆ ಜಿನುಗು ತಾನೇ ಕಡಿಮೆಯಾಗುತ್ತದೆ. ಚೀನಾದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಈ ಪದ್ಧತಿಯನ್ನು ಬರೆದಿಟ್ಟಿದ್ದಾರೆ. ಊರಿಗೆ ಹೋಗುವಾಗ ಗಿಡದ ಚಿಂತೆಗೂ ಇದೇ ಮದ್ದು.

ಬರ ಮುಗಿಯುವವರೆಗೆ ಗೊಬ್ಬರ ಬೇಡ. ಯೂರಿಯಾದಂಥದ್ದು ಹಾಕಿದರೆ ಹೊಸ ಚಿಗುರು ಬಂದು ಇನ್ನೂ ನೀರು ಕೇಳುತ್ತದೆ. ಜೋರಾಗಿ ಕತ್ತರಿಸುವುದೂ ಅಷ್ಟೇ, ಚಿಗುರನ್ನು ಕರೆದ ಹಾಗೆ. ಕಳೆ ಮಾತ್ರ ಕೀಳಿ. ಅದು ನಿಮ್ಮ ಗಿಡದ ಪಾಲಿನ ನೀರನ್ನೇ ಕುಡಿಯುತ್ತದೆ. ಕುಂಡಗಳನ್ನು ಹತ್ತಿರ ಹತ್ತಿರ ಸೇರಿಸಿ ನೆರಳಿಗೆ ಸರಿಸಿ.

ಹೆಜ್ಜೆ 7: ಕೂಡಿಟ್ಟ ನೀರನ್ನು ಕೆಡದಂತೆ ಇಡುವುದು

ಬರ ಬಂದ ಕೂಡಲೇ ಎಲ್ಲರೂ ಡ್ರಮ್ಮು, ಬಕೆಟ್ಟು ತುಂಬಿಡಲು ಶುರು ಮಾಡುತ್ತಾರೆ. ತೆರೆದಿಟ್ಟರೆ ಎರಡು ನಷ್ಟ. ಬಿರುಬೇಸಿಗೆಯಲ್ಲಿ ತೆರೆದ ನೀರು ದಿನಕ್ಕೆ 5 ಮಿ.ಮೀ. ಆರುವುದು ಸಾಮಾನ್ಯ. ಒಂದು ಚದರ ಮೀಟರ್ ಬಾಯಿ ಇರುವ ತೊಟ್ಟಿಯಿಂದ ದಿನಕ್ಕೆ 5 ಲೀಟರ್ ಗಾಳಿಗೆ ಹೋಯಿತು. ಇನ್ನೊಂದು ಸೊಳ್ಳೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ವಾರ ಹತ್ತು ದಿನ ಸಾಕು. ಅದರ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಅದಕ್ಕೇ ಬರಿದು ಮಾಡಿದರೆ ಸಾಲದು, ವಾರಕ್ಕೊಮ್ಮೆ ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಬೇಕು. ಮುಚ್ಚಳ ಇಲ್ಲದಿದ್ದರೆ ಒತ್ತಾದ ಬಟ್ಟೆ ಕಟ್ಟಿ, ನೀರಿಗೆ ತಾಗದಂತೆ ಬಿಗಿಯಾಗಿ.

ಮುಚ್ಚಿಟ್ಟ ಒಳ್ಳೆಯ ನೀರು ಒಂದು ರಾತ್ರಿಗೆ ಹಳಸುವುದಿಲ್ಲ. ಬೆಳಿಗ್ಗೆ ಹೊಸ ನೀರು ಬಂತೆಂದು ನಿನ್ನೆಯದನ್ನು ಚರಂಡಿಗೆ ಚೆಲ್ಲುವವರಿದ್ದಾರೆ. ದಯವಿಟ್ಟು ಬೇಡ. ಬೇರೆ ಕೆಲಸಕ್ಕೆ ಬಳಸಿ ಖಾಲಿ ಮಾಡಿ, ಆಮೇಲೆ ತುಂಬಿ.

ನೀರು ಬಿಟ್ಟು ಬಿಟ್ಟು ಬರುತ್ತಿದ್ದರೆ ಮೊದಲು ಬರುವ ಬಕೆಟ್ಟನ್ನು ಬೇರೆ ಇಡಿ. ಪೈಪ್ ಖಾಲಿ ಇದ್ದಾಗ ಬಿರುಕುಗಳಿಂದ ಹೊರಗಿನ ಕೊಳೆ ಒಳಗೆ ಸೇರಿರಬಹುದು. ಅದು ಶೌಚಾಲಯಕ್ಕಿರಲಿ. ಕುಡಿಯುವ ನೀರಿನ ಬಗ್ಗೆ ಅನುಮಾನ ಇದ್ದರೆ ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ. ಕುದಿಸಲು ಆಗದಿದ್ದರೆ ಶೇ. 5-6ರ, ಸುವಾಸನೆ ಬೆರೆಸದ ಬರೀ ಬ್ಲೀಚ್ ದ್ರಾವಣವನ್ನು ತಿಳಿನೀರಿಗೆ ಲೀಟರಿಗೆ ಎರಡು ಹನಿ ಹಾಕಿ, ಕಲಕಿ, ಅರ್ಧ ಗಂಟೆ ಬಿಡಿ. ನೀರು ಕದಡಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿಕೊಳ್ಳಿ.

ಬಾವಿ, ಬೋರ್‌ವೆಲ್ ಇರುವವರಿಗೆ

ಒಂದೇ ಸಮನೆ ಪಂಪ್ ಓಡಿಸಬೇಡಿ. ನೀರು ಎತ್ತಿದಂತೆ ಬೋರ್‌ವೆಲ್ಲಿನ ಸುತ್ತಲ ಅಂತರ್ಜಲ ಲಾಳಿಕೆಯ ಆಕಾರದಲ್ಲಿ ಇಳಿಯುತ್ತದೆ. ನಿಲ್ಲಿಸಿದರೆ ಸುತ್ತಲಿಂದ ನಿಧಾನವಾಗಿ ಬಂದು ತುಂಬಿಕೊಳ್ಳುತ್ತದೆ. ಎರಡು ಗಂಟೆ ಒಟ್ಟಿಗೆ ಓಡಿಸುವ ಬದಲು ಬೆಳಿಗ್ಗೆ ಒಂದು, ಸಂಜೆ ಒಂದು ಗಂಟೆ ಮಾಡಿ. ನೀರಿನ ಜೊತೆ ಗಾಳಿ ಬರತೊಡಗಿದರೆ ಕೂಡಲೇ ಆರಿಸಿ, ಒಣ ಓಟದಲ್ಲಿ ಮೋಟಾರ್ ಸುಟ್ಟುಹೋಗುತ್ತದೆ. ತಾನೇ ನಿಲ್ಲಿಸುವ ಸಾಧನ ಹಾಕಿಸಿಕೊಂಡರೆ ನಿಶ್ಚಿಂತೆ. ತೆರೆದ ಬಾವಿಯಾದರೆ ವಾರಕ್ಕೊಮ್ಮೆ ಹಗ್ಗ ಇಳಿಸಿ ಮಟ್ಟ ಬರೆದಿಡಿ.

ಮಟ್ಟ ಇಳಿದಂತೆ ನೀರಿನ ಗುಣವೂ ಬದಲಾಗಬಹುದು. ಲವಣ, ಫ್ಲೋರೈಡ್, ನೈಟ್ರೇಟ್ ಜಾಸ್ತಿಯಾಗುವ ಕಡೆಗಳಿವೆ. ಕುದಿಸಿದರೆ ಇವು ಹೋಗುವುದಿಲ್ಲ, ಬದಲಿಗೆ ಇನ್ನಷ್ಟು ಗಟ್ಟಿಯಾಗುತ್ತವೆ. ರುಚಿ ಬದಲಾಗಿದೆ ಅನ್ನಿಸಿದರೆ, ಅಥವಾ ಮನೆಯಲ್ಲಿ ಹಸುಗೂಸು ಇದ್ದರೆ, ಪ್ರಯೋಗಾಲಯದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ.

ಹೆಜ್ಜೆ 8: ಮೊದಲ ಮಳೆಗೆ ಈಗಲೇ ಜಾಗ ಮಾಡಿ

ಸಾಧಾರಣ ಬರ ಅಂದರೆ ಮಳೆಯೇ ಇಲ್ಲ ಅಂತ ಅಲ್ಲ. ಅಲ್ಲೊಂದು ಇಲ್ಲೊಂದು ಬೀಳುತ್ತದೆ. ಬಿದ್ದಾಗ ಹಿಡಿಯಲು ನಾವು ಸಿದ್ಧ ಇರುವುದಿಲ್ಲ ಅಷ್ಟೇ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದರೆ ಒಂದು ಲೀಟರ್. 100 ಚದರ ಮೀಟರ್ ಚಾವಣಿಯ ಮೇಲೆ 10 ಮಿ.ಮೀ. ಬಿದ್ದರೆ 1,000 ಲೀಟರ್. ಆವಿ, ಸಿಡಿತ ಎಲ್ಲಾ ಕಳೆದು 800 ಲೀಟರ್ ಸಿಕ್ಕರೂ ನಾಲ್ಕು ಜನರ ಮನೆಗೆ, ಒಬ್ಬರಿಗೆ 100 ಲೀಟರಿನಂತೆ, ಎರಡು ದಿನದ ನೀರು. ಅರ್ಧ ಗಂಟೆಯ ಒಂದು ಮಳೆಗೆ!

ಚಾವಣಿ ಈಗಲೇ ಗುಡಿಸಿ. ಪೊರಕೆಯಿಂದ, ನೀರಿನಿಂದಲ್ಲ. ದೋಣಿ ಮತ್ತು ಇಳಿಕೊಳವೆಯ ಬಾಯಿಯಲ್ಲಿ ಕಟ್ಟಿಕೊಂಡ ಎಲೆ, ಗೂಡು ತೆಗೆಯಿರಿ. ಕೊಳವೆಯ ಕೆಳಗೆ ಮುಚ್ಚಳ ಇರುವ ಡ್ರಮ್ ಇಟ್ಟು, ಬಾಯಿಗೆ ಜಾಲರಿ ಹಾಕಿ. ಮೊದಲ ಒಂದೆರಡು ಮಿಲಿಮೀಟರ್ ಮಳೆ ಧೂಳು, ಹಕ್ಕಿ ಹಿಕ್ಕೆ ಎಲ್ಲವನ್ನೂ ತೊಳೆದು ತರುತ್ತದೆ. ಅದನ್ನು ಪಾತಿಗೆ ಬಿಟ್ಟು, ತಿಳಿಯಾದ ಮೇಲೆ ಕೊಳವೆಯನ್ನು ಡ್ರಮ್ಮಿನ ಕಡೆ ತಿರುಗಿಸಿ.

ನೆಲದ ಕಡೆಯೂ ಕೆಲಸ ಇದೆ. ತಿಂಗಳುಗಟ್ಟಲೆ ಒಣಗಿದ ಮಣ್ಣು ಮೊದಲ ಮಳೆಯನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ, ನೀರು ಮೇಲೆಯೇ ಓಡಿಹೋಗುತ್ತದೆ. ಅಂಗಳದ ಇಳಿಜಾರಿಗೆ ಅಡ್ಡಲಾಗಿ ಒಂದು ಗೇಣು ಎತ್ತರದ ಬದು ಹಾಕಿ. ಪಾತಿಗಳ ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಸ್ವಲ್ಪ ಸಡಿಲಿಸಿ. ನಮ್ಮ ಮನೆಯಲ್ಲಿ ಕಳೆದ ಸಲ ಡ್ರಮ್ ಇಟ್ಟು ಕಾದು ಕೂತಿದ್ದೆವು, ಮಳೆ ಬಂದದ್ದು ನಡುರಾತ್ರಿ. ಜಾಲರಿ ಕಟ್ಟುವುದನ್ನು ಮರೆತಿದ್ದೆ. ಬೆಳಿಗ್ಗೆ ನೋಡಿದರೆ ಡ್ರಮ್ ತುಂಬಾ ನೀರು, ಮೇಲೆ ಅರ್ಧ ಬೊಗಸೆ ತರಗೆಲೆ. ಸೋಸಿಕೊಂಡು ಆ ವಾರ ಪೂರ್ತಿ ನೆಲ ಒರೆಸಿದೆವು.